ದೋಷ ತೈಲದ್ದೋ, ಮಾಪಕದ್ದೋ?

ಓಡುತ್ತಿರುವ ಪಿಕಪ್ ಟ್ರಕ್ಕಿನಲ್ಲಿ ತೈಲದೊತ್ತಡದ ಮುಳ್ಳು ಸೊನ್ನೆಗಿಳಿಯಿತೆನ್ನಿ. ಕೂಡಲೆ ಎಂಜಿನ್ನನ್ನು ನಿಲ್ಲಿಸಬೇಕು. ಒತ್ತಡ ನಿಜವಾಗಿಯೂ ಇಲ್ಲದಿದ್ದರೆ ಬೇರಿಂಗುಗಳು ಬೇಗನೆ ಸವೆದು ಹಾಳಾಗುವುವು. ಬಳಿಕ ಅಳತೆಕಡ್ಡಿಯಿಂದ ತೈಲದ ಮಟ್ಟವನ್ನು ನೋಡಬೇಕು. ಮಟ್ಟ ಸರಿಯಾಗಿದ್ದರೆ ಸಂದೇಹ ಮಾಪಕದತ್ತ ತಿರುಗುವುದು ಸಹಜ.

1980ರ ದಶಕದ ಷೆವರ್ಲೆ ಪಿಕಪ್ಪುಗಳಲ್ಲಿ, ಎಂಜಿನ್ನಿಗೆ ಜೋಡಿಸಿದ ಸಂವೇದಕದ ವಿದ್ಯುದ್ರೋಧವು ಒತ್ತಡ ಹೆಚ್ಚಿದಂತೆ ಸುಮಾರು 0ಯಿಂದ 90 ಓಮ್‌ವರೆಗೆ ಏರುತ್ತದೆ. ಎಂಜಿನ್ನನ್ನು ನಡೆಸದೆ ಚಾವಿಯನ್ನು ಮಾತ್ರ ತಿರುಗಿಸಿ, ಸಂವೇದಕದ ತಂತಿಯನ್ನು ಕಳಚಿರಿ. ಮುಳ್ಳು ಮೇಲ್ತುದಿಗೇರಬೇಕು. ತಂತಿಯನ್ನು ಎಂಜಿನ್ನಿನ ಲೋಹಕ್ಕೆ ಮುಟ್ಟಿಸಿದರೆ ಸೊನ್ನೆಗಿಳಿಯಬೇಕು. ಹಾಗಾದರೆ ಮಾಪಕವೂ ತಂತಿಯೂ ನಿರ್ದೋಷಿಗಳು.

ಉಳಿದದ್ದು ಸಂವೇದಕ ಅಥವಾ ತೈಲ. ಸಂವೇದಕದ ಜಾಗದಲ್ಲಿ ಬೂರ್ಡಾನ್ ಕೊಳವೆಯ ಮಾಪಕವನ್ನು ಕೂಡಿಸಿ ಎಂಜಿನ್ನನ್ನು ಕ್ಷಣಕಾಲ ನಡೆಸಿರಿ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡಾನ್ ಹಕ್ಕುಪತ್ರ ಪಡೆದ ಈ ಬಾಗಿದ ಕೊಳವೆಗೆ ವಿದ್ಯುತ್ತಿನ ಹಂಗಿಲ್ಲ. ಅದು ತಕ್ಕ ಒತ್ತಡವನ್ನು ತೋರಿಸಿದರೆ ಸಂವೇದಕವನ್ನು ಬದಲಿಸಿದರಾಯಿತು; ಅದೂ ಸೊನ್ನೆಯನ್ನೇ ತೋರಿಸಿದರೆ ಮುಳ್ಳು ಹೇಳಿದ್ದೇ ಸತ್ಯ. ಕಾರಣ ತಿಳಿಯುವವರೆಗೆ ಎಂಜಿನ್ನನ್ನು ಚಾಲನೆ ಮಾಡಕೂಡದು.