ಹರಪನಹಳ್ಳಿ ಯಾವ ಜಿಲ್ಲೆಯ ಪಟ್ಟಿಯಲ್ಲಿ?

ಭೂಮಿ ಜಾಲತಾಣದಲ್ಲಿ ಪಹಣಿ ನೋಡಲು ಕೂತ ರೈತ ಮೊದಲು ಜಿಲ್ಲೆ ಆರಿಸುತ್ತಾನೆ. ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ. ಮೇಲಿನದು ಗೊತ್ತಾದ ಮೇಲಷ್ಟೇ ಕೆಳಗಿನ ಪಟ್ಟಿ ತುಂಬಿಕೊಳ್ಳುತ್ತದೆ. 2011ರ ಜನಗಣತಿಯ ಲೆಕ್ಕಕ್ಕೆ ರಾಜ್ಯದ ಗ್ರಾಮಗಳು 29,340. ಅಷ್ಟನ್ನೂ ಒಂದೇ ಪಟ್ಟಿಗೆ ಸುರಿದರೆ ತನ್ನೂರು ಹುಡುಕುವುದರಲ್ಲೇ ಹೊತ್ತು ಕಳೆದೀತು. ಸಿಕ್ಕರೂ ಅದು ಯಾವ ಹೊಸಹಳ್ಳಿ ಎಂಬ ಅನುಮಾನ ಉಳಿದೀತು.

ಡೇಟಾಬೇಸ್‌ನಿಂದ ರಿಪೋರ್ಟ್ ಕಟ್ಟುವವರ ಬಾಯಲ್ಲಿ ಇದು ಕ್ಯಾಸ್ಕೇಡಿಂಗ್ ಪ್ಯಾರಾಮೀಟರ್. ಒಂದೊಂದು ಡ್ರಾಪ್‌ಡೌನ್‌ಗೂ ಒಂದೊಂದು ಕ್ವೆರಿ ಬರೆಯುತ್ತೇವೆ. ತಾಲ್ಲೂಕಿನ ಕ್ವೆರಿಯ ‘ವೇರ್’ ಷರತ್ತಿನಲ್ಲಿ ಜಿಲ್ಲೆಯ ಪ್ಯಾರಾಮೀಟರ್ ಕೂರುತ್ತದೆ, ಹೋಬಳಿಯದರಲ್ಲಿ ತಾಲ್ಲೂಕಿನದು. ಮೈಕ್ರೋಸಾಫ್ಟ್‌ನ ರಿಪೋರ್ಟಿಂಗ್ ಸರ್ವಿಸಸ್‌ನಲ್ಲಿ ಈ ಸರದಿ ತಪ್ಪುವಂತಿಲ್ಲ. ಜಿಲ್ಲೆಯನ್ನು ತಾಲ್ಲೂಕಿನ ಕೆಳಗೆ ಇಟ್ಟರೆ ರಿಪೋರ್ಟ್ ಓಡುವುದೇ ಇಲ್ಲ. ಎರಡು ಮೂರು ತಾಲ್ಲೂಕು ಒಟ್ಟಿಗೆ ಆರಿಸಲು ಬಿಡುವುದಾದರೆ ಷರತ್ತಿನ ಸಮ ಚಿಹ್ನೆ ತೆಗೆದು ‘ಇನ್’ ಹಾಕಬೇಕು.

ಪಟ್ಟಿಯಲ್ಲಿ ಕಾಣುವುದು ಹೆಸರು, ಕ್ವೆರಿಗೆ ಹೋಗಬೇಕಾದದ್ದು ಕೋಡ್. ‘ರಾಮಪುರ’ ಎಂಬ ಹೆಸರನ್ನೇ ಕಳಿಸಿದರೆ ಇನ್ಯಾವುದೋ ತಾಲ್ಲೂಕಿನ ರಾಮಪುರದ ಜಮೀನೂ ಲೆಕ್ಕಕ್ಕೆ ಸೇರಿಬಿಡುತ್ತದೆ. ದೋಷದ ಸಂದೇಶವೂ ಬರುವುದಿಲ್ಲ, ಮೊತ್ತ ಮಾತ್ರ ತಪ್ಪಿರುತ್ತದೆ.

ಇಷ್ಟನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ನನ್ನನ್ನು ನಿಜವಾಗಿ ಕಾಡಿದ್ದು ಹರಪನಹಳ್ಳಿ. ಬಳ್ಳಾರಿಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, ಮುಂದೆ ಬಳ್ಳಾರಿಗೇ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ತಾಲ್ಲೂಕಿನ ಟೇಬಲ್‌ನಲ್ಲಿ ಜಿಲ್ಲೆಗೆಂದು ಒಂದೇ ಕಾಲಂ ಇಟ್ಟು, ಪ್ರತಿ ಸಲ ಅದನ್ನೇ ತಿದ್ದಿದರೆ ಏನಾಗುತ್ತದೆ? 2005ರ ರಿಪೋರ್ಟ್ ತೆಗೆದು ದಾವಣಗೆರೆ ಒತ್ತಿದವರಿಗೆ ಹರಪನಹಳ್ಳಿ ಕಾಣುವುದೇ ಇಲ್ಲ. ಆ ವರ್ಷದ ಜಿಲ್ಲೆಯ ಒಟ್ಟು ಮೊತ್ತದಿಂದ ಇಡೀ ತಾಲ್ಲೂಕು ಉದುರಿಹೋಗಿರುತ್ತದೆ. ಹಳೆಯ ಕಡತದಲ್ಲಿ ಅಚ್ಚಾಗಿರುವ ಅಂಕಿಗೂ ಇದಕ್ಕೂ ತಾಳೆಯಾಗದು.

ಹಾಗಾಗಿ ನಾನು ಜಿಲ್ಲೆ–ತಾಲ್ಲೂಕು ನಂಟಿಗೆ ಬೇರೆಯೇ ಟೇಬಲ್ ಮಾಡುತ್ತೇನೆ. ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಜಿಲ್ಲೆ ಎಂದು ಒಂದೊಂದು ಸಾಲು, ಹರಪನಹಳ್ಳಿಗೆ ನಾಲ್ಕು. ಮೊದಲ ಡ್ರಾಪ್‌ಡೌನ್ ಆಗ ಜಿಲ್ಲೆಯದಲ್ಲ, ಕಾಲದ್ದು. ಬರೀ ವರ್ಷ ಸಾಲದು, ಬದಲಾವಣೆ ವರ್ಷದ ನಡುವೆ ಬರುತ್ತದೆ, ದಿನಾಂಕವನ್ನೇ ಕೇಳಬೇಕು. ತಾಲ್ಲೂಕಿನ ಕೋಡ್‌ನೊಳಗೆ ಜಿಲ್ಲೆಯ ಕೋಡ್ ಹೆಣೆಯಲೂಬಾರದು. ಜಿಲ್ಲೆ ಎಷ್ಟು ಸಲ ಬದಲಾದರೂ ಹರಪನಹಳ್ಳಿಯ ಕೋಡ್ ಅದೇ ಇದ್ದರೆ, 1997ರ ಹಿಂದಿನ ಬೆಳೆ ಲೆಕ್ಕವನ್ನೂ ಈ ವರ್ಷದ್ದನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇಡಬಹುದು.