ಶೋಕೇಸ್‌ ಬಿಟ್ಟು ನೆಲಕ್ಕಿಳಿದ ಯುದ್ಧನೌಕೆ

ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರು ಮನೆಯಲ್ಲಿ ಕೂತು ಪ್ಲಾಸ್ಟಿಕ್‌ ಹಡಗಿಗೆ ಗಮ್‌ ಹಚ್ಚುತ್ತಿದ್ದರೆ ಏನು ಕೇಳಬೇಕಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ‘ಇದರಿಂದ ಹೊಟ್ಟೆ ತುಂಬುತ್ತೇನಪ್ಪಾ?’ ತುಂಬುವುದಿಲ್ಲ, ನಿಜ. ಆದರೆ ಹಡಗಿನ ಮಾದರಿಯನ್ನು ಶೋಕೇಸಿನಲ್ಲಿಡದೆ ನೌಕಾ ಯುದ್ಧದ ಆಟಕ್ಕೆ ಸಜ್ಜುಗೊಳಿಸಿದರೆ ತಲೆಗೂ ಕೈಗೂ ಸಿಗುವ ಕೆಲಸ ಕಡಿಮೆಯೇನಲ್ಲ.

ಇದು ಬರೀ ಮಕ್ಕಳಾಟವಲ್ಲ. ಬ್ರಿಟನ್ನಿನ ಫ್ರೆಡ್‌ ಟಿ. ಜೇನ್‌ 1898ರಲ್ಲೇ ಇದಕ್ಕೆ ನಿಯಮಗಳನ್ನು ಪ್ರಕಟಿಸಿದ್ದರು. 1942ರಲ್ಲಿ ಜರ್ಮನ್‌ ಜಲಾಂತರ್ಗಾಮಿಗಳು ಅಟ್ಲಾಂಟಿಕ್‌ನಲ್ಲಿ ಸರಕು ಹಡಗುಗಳನ್ನು ಸಾಲುಸಾಲಾಗಿ ಮುಳುಗಿಸುತ್ತಿದ್ದಾಗ, ಲಿವರ್‌ಪೂಲಿನಲ್ಲಿ ಕ್ಯಾಪ್ಟನ್‌ ಗಿಲ್ಬರ್ಟ್‌ ರಾಬರ್ಟ್ಸ್‌ ಒಂದು ಕೋಣೆಯ ನೆಲವನ್ನೇ ಸಮುದ್ರ ಮಾಡಿಕೊಂಡರು. ಪುಟ್ಟ ಹಡಗುಗಳನ್ನು ಸರಿಸುತ್ತಾ, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಶತ್ರುವಿನ ಲೆಕ್ಕಾಚಾರ ಬಿಡಿಸಿದರು. ಅವರ ತಂಡದಲ್ಲಿದ್ದವರು ನೌಕಾಪಡೆಯ ಮಹಿಳಾ ವಿಭಾಗದ, ನಮ್ಮ ನಿಮ್ಮ ವಯಸ್ಸಿನ ಯುವತಿಯರು. ಅಲ್ಲಿ ಹುಟ್ಟಿದ ಪ್ರತಿತಂತ್ರಕ್ಕೆ ‘ರಾಸ್ಪ್‌ಬೆರಿ’ ಎಂದು ಹೆಸರಿಟ್ಟವರು ಅವರಲ್ಲೊಬ್ಬರಾದ ಜೀನ್‌ ಲೇಡ್ಲಾ. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 5,000 ಅಧಿಕಾರಿಗಳು ಆ ನೆಲದ ಮೇಲೆ ಪಾಠ ಕಲಿತಿದ್ದರು.

ಕಿಟ್‌ ತಯಾರಾಗುವುದು ನೋಡುವುದಕ್ಕೆ, ಮುಟ್ಟಿ ಆಡುವುದಕ್ಕಲ್ಲ. ಏರ್‌ಫಿಕ್ಸ್‌ನ 1/600 ಕಿಟ್‌ಗಳಲ್ಲಿ ನೀರಿನೊಳಗಿರುವ ತಳಭಾಗವೂ ಇರುತ್ತದೆ. ಸ್ಟ್ಯಾಂಡ್‌ ಇಲ್ಲದೆ ಮೇಜಿನ ಮೇಲಿಟ್ಟರೆ ವಾಲುತ್ತದೆ. ಟಮಿಯಾ, ಹಸೆಗಾವಾ ಮುಂತಾದ ಜಪಾನಿ ಕಂಪನಿಗಳು 1971ರಲ್ಲಿ ಆರಂಭಿಸಿದ 1/700 ಅಳತೆಯ ‘ವಾಟರ್‌ಲೈನ್‌’ ಸರಣಿಯಲ್ಲಿ ಈ ತೊಂದರೆಯಿಲ್ಲ.

ತಳವಿರುವ ಕಿಟ್‌ ಸಿಕ್ಕಿದರೆ ಹೀಗೆ ಮಾಡಿ. ಹಡಗನ್ನು ಮಟ್ಟಸವಾಗಿ ನಿಲ್ಲಿಸಿ, ಪುಸ್ತಕಗಳ ಮೇಲೆ ಅಡ್ಡಲಾಗಿಟ್ಟ ಪೆನ್ಸಿಲನ್ನು ಅದರ ಸುತ್ತ ಸರಿಸಿದರೆ ನೀರಿನ ಮಟ್ಟದ ಗೆರೆ ನೇರವಾಗಿ ಬೀಳುತ್ತದೆ. ಆ ಗೆರೆಯ ಮೇಲೆ ಕಟ್ಟರ್‌ನಿಂದ ಹಗುರವಾಗಿ ಹತ್ತಾರು ಸಲ ಗೀರಿ ಕತ್ತರಿಸಿ. ಒಂದೇ ಏಟಿಗೆ ಒತ್ತಿದರೆ ಪ್ಲಾಸ್ಟಿಕ್‌ ಸೀಳುತ್ತದೆ, ಬೆರಳೂ ಉಳಿಯುವುದಿಲ್ಲ. ಗಾಜಿನ ಮೇಲೆ ಸ್ಯಾಂಡ್‌ಪೇಪರ್‌ ಹಾಸಿ ಅಂಚನ್ನು ಉಜ್ಜಿ, ಒಳಗೆ ಭಾರಕ್ಕೆ ಕಬ್ಬಿಣದ ವಾಷರ್‌ ಅಂಟಿಸಿ, ಅಡಿಗೆ ತೆಳು ಪ್ಲಾಸ್ಟಿಕ್‌ ಹಾಳೆ ಮುಚ್ಚಿ. ಕೂದಲಿನಂಥ ಕಂಬಗಳು ಮೊದಲ ಆಟದಲ್ಲೇ ಮುರಿಯುತ್ತವೆ. ಬದಲಿಗೆ ಹಿತ್ತಾಳೆ ತಂತಿ ಹಾಕಿ. ಕೊನೆಗೆ ಹಡಗನ್ನು ಅಕ್ರಿಲಿಕ್‌ ಪಟ್ಟಿಯ ಮೇಲೆ ಕೂರಿಸಿ ಹೆಸರು ಬರೆಯಿರಿ. ಆಡುವಾಗ ಹಿಡಿಯಬೇಕಾದ್ದು ಪಟ್ಟಿಯನ್ನು, ಹಡಗನ್ನಲ್ಲ.

ಒಂದು ಹಡಗಿನ ಕಿಟ್‌ ಅದರ ಅಕ್ಕತಂಗಿ ಹಡಗೂ ಆಗಬಲ್ಲದು. ನಮ್ಮ ಮೊದಲ ಐಎನ್‌ಎಸ್‌ ಮೈಸೂರು ನೌಕೆಯನ್ನೇ ನೋಡಿ. ಫಿಜಿ ವರ್ಗದ ಬ್ರಿಟಿಷ್‌ ಕ್ರೂಸರ್‌ ಎಚ್‌ಎಂಎಸ್‌ ನೈಜೀರಿಯಾ 1957ರಲ್ಲಿ ಭಾರತೀಯ ನೌಕಾಪಡೆ ಸೇರಿ ಮೈಸೂರು ಆಯಿತು. ಈ ವರ್ಗದ ಹಡಗುಗಳನ್ನು ಕಟ್ಟಿದಾಗ ಮೂರು ಮೂರು ಫಿರಂಗಿಗಳ ನಾಲ್ಕು ಟರೆಟ್‌ ಇದ್ದವು. ಮೈಸೂರಿನಲ್ಲಿದ್ದದ್ದು ಮೂರೇ ಟರೆಟ್‌, ಒಂಬತ್ತು ಫಿರಂಗಿ. ಹಾಗಾಗಿ ಹಿಂಭಾಗದ ಎರಡರಲ್ಲಿ ಮೇಲಿನ ಟರೆಟ್‌ ತೆಗೆಯಬೇಕು, ಕಂಬಗಳನ್ನು ಜಾಲರಿ ಮಾದರಿಗೆ ಬದಲಿಸಬೇಕು. ಇದಕ್ಕೆ ಗಮ್ಮಿಗಿಂತ ಮೊದಲು ಬೇಕಾದ್ದು ಹಳೆಯ ಫೋಟೊ, ಅದು ಯಾವ ವರ್ಷದ್ದೆಂಬ ಖಾತ್ರಿ.

ಆಮೇಲೆ ಲೆಕ್ಕ. ಸುಮಾರು 169 ಮೀಟರ್‌ ಉದ್ದದ ಮೈಸೂರು 1/700ರಲ್ಲಿ 24 ಸೆಂ.ಮೀ. ಆಗುತ್ತದೆ. ಅದರ ಆರು ಇಂಚಿನ ಫಿರಂಗಿ 20 ಕಿ.ಮೀ. ಆಚೆಗೂ ಹೊಡೆಯಬಲ್ಲದು. ಅದೇ ಅಳತೆಯಲ್ಲಿ ಅಷ್ಟು ದೂರಕ್ಕೆ 28 ಮೀಟರ್‌ ಜಾಗ ಬೇಕು! ಯಾರ ಮನೆಯ ಹಾಲ್‌ ಅಷ್ಟಿದೆ? ಅದಕ್ಕೇ ದೂರಕ್ಕೆ ಬೇರೆ ಅಳತೆ. ಒಂದು ಸೆಂ.ಮೀ.ಗೆ 100 ಮೀಟರ್‌ ಎಂದುಕೊಂಡರೆ 20 ಕಿ.ಮೀ. ಎರಡೇ ಮೀಟರಿಗೆ ಇಳಿಯುತ್ತದೆ. ಆದರೆ ಆ ಸಮುದ್ರದಲ್ಲಿ ನಮ್ಮ ಹಡಗಿನ ಉದ್ದ 2.4 ಕಿ.ಮೀ.! ಆದ್ದರಿಂದ ಹಡಗಿನ ಮೇಲೆ ಒಂದು ಚುಕ್ಕಿ ಇಟ್ಟು, ಎಲ್ಲ ಅಳತೆಯೂ ಅಲ್ಲಿಂದಲೇ ಎಂದು ಮೊದಲೇ ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಯುದ್ಧಕ್ಕಿಂತ ಜಗಳವೇ ಜೋರಾಗುತ್ತದೆ.

ಮುಳುಗಿದ ಹಡಗನ್ನು ಮೇಜಿನಿಂದ ಎತ್ತಿಡಲು ಒಂದು ಕ್ಷಣ ಸಾಕು. 1971ರ ಡಿಸೆಂಬರ್‌ 9ರ ರಾತ್ರಿ ದಿಯು ಬಳಿ ಐಎನ್‌ಎಸ್‌ ಖುಕ್ರಿ ಮುಳುಗಿದಾಗ 18 ಅಧಿಕಾರಿಗಳು, 176 ನಾವಿಕರು ಜೀವ ಕಳೆದುಕೊಂಡರು. ಕ್ಯಾಪ್ಟನ್‌ ಮಹೇಂದ್ರನಾಥ್‌ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಆ ಯುದ್ಧವನ್ನು ಆಡುವಾಗ ನಾನೂ ಗೆಳೆಯನೂ ಸೋತ ಹಡಗಿನ ಹೆಸರಿನ ಮುಂದೆ ಅದರಲ್ಲಿದ್ದವರ ಸಂಖ್ಯೆಯನ್ನೂ ಬರೆಯುತ್ತೇವೆ. ಆಮೇಲೆ ಸುಮ್ಮಸುಮ್ಮನೆ ಮುನ್ನುಗ್ಗಲು ಕೈ ಬರುವುದಿಲ್ಲ. ಗೆಲ್ಲುವುದಕ್ಕಿಂತ ಎಷ್ಟು ಜನರನ್ನು ದಡ ಮುಟ್ಟಿಸಿದೆವು ಎಂಬ ಯೋಚನೆ ಬರುತ್ತದೆ.

ಕಿಟ್‌ ದುಬಾರಿ ಎನಿಸಿದರೆ ರಟ್ಟಿನ ಹಡಗಿನಿಂದಲೇ ಶುರುಮಾಡಿ. ಕಾರವಾರದ ಕಡಲತೀರಕ್ಕೆ ಹೋದಾಗ ಅಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಕ್ಷಿಪಣಿ ನೌಕೆ ಐಎನ್‌ಎಸ್‌ ಚಾಪೆಲ್‌ ಸುತ್ತ ಒಮ್ಮೆ ನಡೆದು ಬನ್ನಿ. 1/700ರಲ್ಲಿ ಅದು ನಿಮ್ಮ ಬೆರಳುದ್ದವೂ ಆಗಲಿಕ್ಕಿಲ್ಲ. ಒಳಗಿನ ಇಕ್ಕಟ್ಟಿನ ಕೋಣೆಗಳನ್ನು ನೋಡಿ ಬಂದ ಮೇಲೆ ಆ ಬೆರಳುದ್ದದ ರಟ್ಟನ್ನು ಸರಿಸುವ ಮುನ್ನ ನೀವೂ ಎರಡು ಸಲ ಯೋಚಿಸುತ್ತೀರಿ.