ಹಳೆಯ ಟ್ರಕ್ಕಿನ ಮುಂಭಾಗವನ್ನು ಎತ್ತರಿಸುವುದು: ತಿರುಚು ಸರಳಿನ ವಿವೇಚನೆ

ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಒದಗುವ ಟ್ರಕ್ಕುಗಳು ಹಳೆಯವಾದಂತೆ ಅವುಗಳ ಮುಂಭಾಗವು ಕ್ರಮೇಣ ತಗ್ಗುವುದುಂಟು. ಕಲ್ಲು ದಿಣ್ಣೆಗಳ ದಾರಿಯಲ್ಲಿ ಓಡಾಡಬೇಕಾದವರು ಅದನ್ನು ಮತ್ತೆ ಒಂದಂಗುಲದಷ್ಟು ಎತ್ತರಿಸಬಯಸುವುದು ಸಹಜವೇ ಆಗಿದೆ. ಕೆಲವು ಬಗೆಯ ಟ್ರಕ್ಕುಗಳಲ್ಲಿ ಎರಡು ಬೋಲ್ಟುಗಳನ್ನು ತಿರುಗಿಸಿದ ಮಾತ್ರಕ್ಕೆ ಈ ಕಾರ್ಯವು ನೆರವೇರುತ್ತದೆ. ಇಷ್ಟು ಸುಲಭವಾಗಿರುವುದರಿಂದಲೇ ಇದರ ವಿಷಯವಾಗಿ ಒಂದು ತಪ್ಪು ಕಲ್ಪನೆ ಬೇರೂರಿದೆ. ಬೋಲ್ಟನ್ನು ಬಿಗಿದಷ್ಟೂ ಸ್ಪ್ರಿಂಗು ಗಟ್ಟಿಯಾಗುವುದೆಂದೂ ಆದುದರಿಂದ ಹೆಚ್ಚು ಬಿಗಿದಷ್ಟೂ ಹೆಚ್ಚು ಲಾಭವೆಂದೂ ಅನೇಕರು ಭಾವಿಸುತ್ತಾರೆ. ವಸ್ತುಸ್ಥಿತಿ ಹಾಗಿಲ್ಲವೆಂಬುದನ್ನು ಪ್ರಥಮ ವರ್ಷದ ಯಂತ್ರಶಾಸ್ತ್ರದ ನೆರವಿನಿಂದಲೇ ತೋರಿಸಬಹುದು.

ಉದಾಹರಣೆಗಾಗಿ ಅಮೆರಿಕದ ಷೆವರ್ಲೆ ಕಂಪೆನಿಯ ಕೆ-ಸರಣಿಯ ಟ್ರಕ್ಕುಗಳನ್ನು ತೆಗೆದುಕೊಳ್ಳೋಣ. ೧೯೭೩ರಿಂದ ೧೯೮೭ರವರೆಗಿನ ಮಾದರಿಗಳಲ್ಲಿ ಮುಂದಿನ ಎರಡು ಚಕ್ರಗಳನ್ನೂ ಒಂದೇ ಗಡುಸಾದ ಅಚ್ಚು ಸೇರಿಸುತ್ತಿತ್ತು. ಅದರ ಮೇಲೆ ಲೀಫ್ ಸ್ಪ್ರಿಂಗುಗಳಿದ್ದವು. ೧೯೮೮ರ ಮಾದರಿಯಿಂದ ಈ ಏರ್ಪಾಡು ಹೋಗಿ, ಒಂದೊಂದು ಮುಂಚಕ್ರವೂ ಸ್ವತಂತ್ರವಾಗಿ ಏರಿಳಿಯುವ ಏರ್ಪಾಡು ಬಂದಿತು. ಅದರಲ್ಲಿ ಸ್ಪ್ರಿಂಗಿನ ಕೆಲಸವನ್ನು ಮಾಡುವುದು ಟಾರ್ಷನ್ ಬಾರ್ ಎಂದು ಕರೆಯಲ್ಪಡುವ ತಿರುಚು ಸರಳು. ಇದು ಹೊಸ ಕಲ್ಪನೆಯೇನೂ ಅಲ್ಲ. ಫ್ರಾನ್ಸಿನ ಸಿಟ್ರೊಯೆನ್ ಕಂಪೆನಿಯು ೧೯೩೪ರಲ್ಲಿಯೂ ಅಮೆರಿಕದ ಕ್ರೈಸ್ಲರ್ ಕಂಪೆನಿಯು ೧೯೫೭ರ ಮಾದರಿಗಳಲ್ಲಿಯೂ ಇದನ್ನು ಕಾರುಗಳಿಗೆ ಅಳವಡಿಸಿದ್ದವು.

ಇದರ ರಚನೆ ಸರಳವಾದುದು. ಉದ್ದವಾದ ಉಕ್ಕಿನ ಸರಳೊಂದು ಷಾಸಿಯ ಉದ್ದಕ್ಕೂ ಮಲಗಿರುತ್ತದೆ. ಅದರ ಮುಂದಿನ ತುದಿಯು ಚಕ್ರವನ್ನು ಹೊತ್ತ ಕೆಳತೋಳಿನ ಬುಡದಲ್ಲಿ ಕೂಡಿರುತ್ತದೆ. ಹಿಂದಿನ ತುದಿಯು ಷಾಸಿಯ ಅಡ್ಡತೊಲೆಯಲ್ಲಿ, ಕೀ ಎಂಬ ಹೆಸರಿನ ಗಿಡ್ಡ ಸನ್ನೆಯೊಂದರೊಳಗೆ ನೆಟ್ಟಿರುತ್ತದೆ. ಚಕ್ರವು ಮೇಲೇರಿದಾಗ ತೋಳು ತಿರುಗಿ ಸರಳು ತಿರುಚಿಕೊಳ್ಳುವುದು. ಕೀಯನ್ನು ಒತ್ತಿ ಹಿಡಿದಿರುವ ಬೋಲ್ಟೇ ಎತ್ತರವನ್ನು ಹೊಂದಿಸುವ ಬೋಲ್ಟು.

ಸರಳಿನ ಬಿಗಿತವು ಮೂರು ಸಂಗತಿಗಳನ್ನು ಅವಲಂಬಿಸಿದೆ: ಉಕ್ಕಿನ ದೃಢತಾ ಗುಣಾಂಕ, ಸರಳಿನ ವ್ಯಾಸದ ನಾಲ್ಕನೆಯ ಘಾತ, ಮತ್ತು ವಿಲೋಮವಾಗಿ ಅದರ ಉದ್ದ. ಬೋಲ್ಟನ್ನು ತಿರುಗಿಸುವುದರಿಂದ ಇವು ಮೂರರಲ್ಲಿ ಯಾವುದೂ ಬದಲಾಗುವುದಿಲ್ಲ. ಅಲ್ಲದೆ ನಿಂತಿರುವ ಟ್ರಕ್ಕಿನಲ್ಲಿ ಸರಳು ಎಷ್ಟು ತಿರುಚಿಕೊಂಡಿರಬೇಕೆಂಬುದನ್ನು ಗೊತ್ತುಮಾಡುವುದು ಅದು ಹೊತ್ತ ಭಾರವೇ ಹೊರತು ಬೋಲ್ಟಲ್ಲ. ಭಾರ ಅಷ್ಟೇ ಇರುವಾಗ ತಿರುಚೂ ಅಷ್ಟೇ ಇರಬೇಕು. ಆದುದರಿಂದ ಕೀಯು ಎಷ್ಟು ಡಿಗ್ರಿ ತಿರುಗಿತೋ ತೋಳೂ ಸರಿಸುಮಾರು ಅಷ್ಟೇ ತಿರುಗಿ, ಷಾಸಿಯನ್ನು ಮೇಲಕ್ಕೆತ್ತುವುದು.

ಈ ಮಾತನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಸರಳಿನ ವ್ಯಾಸ ೩೦ ಮಿಲಿಮೀಟರು, ಉದ್ದ ೧,೨೦೦ ಮಿಲಿಮೀಟರು, ತೋಳಿನ ಪರಿಣಾಮಕ ಉದ್ದ ೪೦೦ ಮಿಲಿಮೀಟರು, ಒಂದು ಚಕ್ರದ ಪಾಲಿಗೆ ಬರುವ ಭಾರ ೫,೫೦೦ ನ್ಯೂಟನ್ ಎಂದಿಟ್ಟುಕೊಳ್ಳೋಣ. ಉಕ್ಕಿನ ದೃಢತಾ ಗುಣಾಂಕವನ್ನು ಚದರ ಮಿಲಿಮೀಟರಿಗೆ ೮೦,೦೦೦ ನ್ಯೂಟನ್ ಎಂದು ಹಿಡಿದರೆ, ನಿಂತ ಸ್ಥಿತಿಯಲ್ಲಿ ಸರಳಿನ ತಿರುಚು ಸುಮಾರು ೨೪ ಡಿಗ್ರಿ. ಮುಂಭಾಗವನ್ನು ೨೫ ಮಿಲಿಮೀಟರು ಎತ್ತಬೇಕಾದರೆ ತೋಳು ೩.೬ ಡಿಗ್ರಿಯಷ್ಟು ತಿರುಗಬೇಕು. ಎತ್ತಿದ ಮೇಲೂ ತಿರುಚು ೨೪ ಡಿಗ್ರಿಯಾಗಿಯೇ ಉಳಿಯುವುದು.

ಹಾಗಾದರೆ ಬೋಲ್ಟನ್ನು ಬಿಗಿದ ಟ್ರಕ್ಕು ಹೆಚ್ಚು ಕುಲುಕುವುದೇಕೆ? ತೋಳಿನ ಏರಿಳಿತಕ್ಕೆ ಮೇಲೆ ಒಂದು, ಕೆಳಗೆ ಒಂದು ತಡೆಯುಂಟು. ನಿಂತ ಸ್ಥಿತಿಯಿಂದ ಚಕ್ರವು ೮೦ ಮಿಲಿಮೀಟರು ಮೇಲಕ್ಕೂ ೮೦ ಮಿಲಿಮೀಟರು ಕೆಳಕ್ಕೂ ಚಲಿಸಬಲ್ಲದೆಂದು ಭಾವಿಸೋಣ. ಟ್ರಕ್ಕನ್ನು ೨೫ ಮಿಲಿಮೀಟರು ಎತ್ತಿದಾಗ ಮೇಲಿನ ಅವಕಾಶ ೧೦೫ ಆಗಿ, ಕೆಳಗಿನದು ೫೫ಕ್ಕೆ ಇಳಿಯುವುದು. ೭೫ ಮಿಲಿಮೀಟರು ಎತ್ತಿದರೆ ಕೆಳಗೆ ಉಳಿಯುವುದು ಕೇವಲ ೫. ಆಗ ಚಕ್ರವು ಸಣ್ಣ ಗುಂಡಿಗೆ ಇಳಿದರೂ ತೋಳು ಕೆಳತಡೆಗೆ ಬಡಿಯುವುದು. ಈ ಬಡಿತವನ್ನೇ ಚಾಲಕನು ಸ್ಪ್ರಿಂಗಿನ ಗಟ್ಟಿತನವೆಂದು ತಪ್ಪಾಗಿ ತಿಳಿಯುತ್ತಾನೆ. ಒರಟು ನೆಲದಲ್ಲಿ ಚಕ್ರವು ನೆಲವನ್ನು ಬಿಟ್ಟು ಮೇಲೆಯೇ ಉಳಿದು ಹಿಡಿತ ತಪ್ಪುವುದರಿಂದ, ಯಾವ ದಾರಿಗಾಗಿ ಎತ್ತರ ಬೇಕಾಗಿತ್ತೋ ಆ ದಾರಿಯಲ್ಲಿಯೇ ಟ್ರಕ್ಕು ಸೋಲುವುದು. ಸರಳಿಗೂ ಹಾನಿಯುಂಟು: ತೋಳು ಮೇಲಿನ ತಡೆಯನ್ನು ಮುಟ್ಟಿದಾಗ ಮೊದಲು ೩೫ ಡಿಗ್ರಿ ಇದ್ದ ತಿರುಚು ಈಗ ೪೬ ಡಿಗ್ರಿಯಷ್ಟಾಗುವುದು.

ಇನ್ನೊಂದು ಮಿತಿ ಚಕ್ರಗಳಿಗೆ ಶಕ್ತಿಯನ್ನೊಯ್ಯುವ ಅರೆದಂಡಗಳದು. ಡಿಫರೆನ್ಷಿಯಲ್ ಷಾಸಿಗೆ ಬಿಗಿದಿರುವುದರಿಂದ ಅದೂ ಷಾಸಿಯೊಂದಿಗೆ ಮೇಲೇರುವುದು. ಚಕ್ರವಾದರೋ ನೆಲದ ಮೇಲೆಯೇ ಇರುವುದು. ದಂಡದ ಎರಡು ಕೀಲುಗಳ ನಡುವೆ ೪೫೦ ಮಿಲಿಮೀಟರು ದೂರವಿದ್ದರೆ, ೨೫ ಮಿಲಿಮೀಟರಿನ ಎತ್ತರಕ್ಕೆ ಕೋನವು ಸುಮಾರು ೩ ಡಿಗ್ರಿಯೂ ೭೫ಕ್ಕೆ ಸುಮಾರು ೧೦ ಡಿಗ್ರಿಯೂ ಹೆಚ್ಚುವುದು. ಕೋನ ಹೆಚ್ಚಿದಂತೆ ಕೀಲು ಬೇಗ ಸವೆಯುವುದು. ಅದರ ರಬ್ಬರು ಹೊದಿಕೆ ಹರಿದು ಗ್ರೀಸು ಹೊರಬೀಳುವುದು. ಸ್ಟಿಯರಿಂಗ್ ಕಡ್ಡಿಗಳ ಓರೆಯೂ ಚಕ್ರಗಳ ವಾಲುವಿಕೆಯೂ ಬದಲಾಗಿ, ಟೈರು ಒಂದು ಅಂಚಿನಲ್ಲಿಯೇ ಸವೆಯತೊಡಗುವುದು. ಬೇರೆ ಕೋನದಲ್ಲಿ ಕೊರೆದ ಕೀಗಳನ್ನು ಹಾಕಿದರೂ ಪರಿಣಾಮ ಇದೇ ಆಗಿರುತ್ತದೆ. ಏಕೆಂದರೆ ಅವು ಬೋಲ್ಟಿನ ಕೆಲಸವನ್ನೇ ಇನ್ನಷ್ಟು ದೂರ ಒಯ್ಯುತ್ತವೆ. ಹೆಚ್ಚಿನ ಎತ್ತರ ಬೇಕಾದವರು ತೋಳುಗಳನ್ನೂ ಡಿಫರೆನ್ಷಿಯಲ್ಲನ್ನೂ ಷಾಸಿಯಿಂದ ಕೆಳಗಿಳಿಸುವ ಜೋಡಣೆಯನ್ನು ಆಶ್ರಯಿಸಬೇಕು.

ಕೆಲಸದ ಕ್ರಮವೂ ಈ ತತ್ತ್ವವನ್ನೇ ಅನುಸರಿಸತಕ್ಕದ್ದು. ಚಕ್ರದ ನಡುವಿನಿಂದ ಮಡ್ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಎರಡು ಕಡೆಯೂ ಮೊದಲೇ ಅಳೆದು ಬರೆದುಕೊಳ್ಳಬೇಕು. ಹಿಂಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ಷಾಸಿಯನ್ನು ಜಾಕಿನಿಂದ ಎತ್ತಿ, ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಬೇಕು. ಚಕ್ರಗಳು ಜೋತುಬಿದ್ದಾಗ ಮಾತ್ರ, ಗ್ರೀಸು ಹಚ್ಚಿದ ಬೋಲ್ಟನ್ನು ಸುತ್ತುಗಳನ್ನೆಣಿಸುತ್ತ ತಿರುಗಿಸಬೇಕು. ಭಾರವಿರುವಾಗ ತಿರುಗಿಸಿದರೆ ಬೋಲ್ಟಿನ ಮರೆ ಕಿತ್ತುಹೋಗುವುದು. ಕೆಳಗಿಳಿಸಿದ ಮೇಲೆ ಟ್ರಕ್ಕನ್ನು ಕೆಲವು ಮೀಟರುಗಳಷ್ಟು ಹಿಂದುಮುಂದೆ ಉರುಳಿಸಿ ಅನಂತರವೇ ಅಳೆಯಬೇಕು. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಮುಂದೀಪಗಳ ದಿಕ್ಕನ್ನೂ ಸರಿಪಡಿಸಬೇಕು. ಕೀಯನ್ನೇ ಕಳಚುವ ಸಂದರ್ಭದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ನಮ್ಮ ಲೆಕ್ಕದ ಸರಳಿನಲ್ಲಿ, ಚಕ್ರವು ಪೂರ್ತಿ ಜೋತುಬಿದ್ದಾಗಲೂ ಮೊದಲಿನ ತಿರುಚಿನ ಅರ್ಧದಷ್ಟು ಉಳಿದೇ ಇರುತ್ತದೆ. ಅದಕ್ಕೆಂದೇ ಮಾಡಿದ ತಿರುಪಿನ ಸಾಧನವಿಲ್ಲದೆ ಕೀಯನ್ನು ಬಿಡಿಸಹೊರಟರೆ, ಆ ಶಕ್ತಿಯೆಲ್ಲವೂ ಒಮ್ಮೆಗೇ ಹೊರಚಿಮ್ಮಿ ಕೈಯನ್ನೇ ಮುರಿಯಬಲ್ಲದು.

ಈ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಬೋಲ್ಟಿನಿಂದ ಪಡೆದ ಎತ್ತರವು ಹೊಸದಾಗಿ ಗಳಿಸಿದ ಆಸ್ತಿಯಲ್ಲ. ಚಕ್ರದ ಇಳಿತದಿಂದಲೂ ಕೀಲುಗಳ ಆಯುಸ್ಸಿನಿಂದಲೂ ತಂದ ಸಾಲ. ಹಳೆಯ ಟ್ರಕ್ಕು ಕಳೆದುಕೊಂಡ ಎತ್ತರವನ್ನು ಹಿಂದಕ್ಕೆ ತರುವುದಕ್ಕೂ ಅದರ ಮೇಲೆ ಒಂದಂಗುಲದಷ್ಟು ಕೂಡಿಸುವುದಕ್ಕೂ ಈ ಸಾಲ ಸಲ್ಲುತ್ತದೆ. ಅದನ್ನು ಮೀರಿದರೆ ಸಿಗುವ ಎತ್ತರಕ್ಕಿಂತ ತೆರಬೇಕಾದ ಬಡ್ಡಿಯೇ ಹೆಚ್ಚಾಗುವುದು.